ಮಕ್ಕಳ ಕೈಯ ಫೋನು, ನಮ್ಮ ಕೈಯ ನಡಾವಳಿ ಪುಸ್ತಕ

ಸಂಘಗಳಿಗೆ ಈ ತಿಂಗಳ ಪಾಠ



ಸಂಘದ ಸಭೆಗಳಿಗೆ ಬಂದಾಗ ನಾವು ಪದೇ ಪದೇ ಕೇಳುವ ಒಂದು ದೂರು ಇದೆ. “ಸಿಸ್ಟರ್, ನಮ್ಮ ಮಕ್ಕಳು ದಿನಾ ಫೋನ್ ಹಿಡ್ಕೊಂಡೇ ಕೂತಿರ್ತಾರೆ. ಗ್ರಾಮಸಭೆಗೆ ಬನ್ರೋ ಅಂದ್ರೆ ಒಬ್ಬರೂ ಬರಲ್ಲ. ಊರಿನ ಕೆಲಸ ಅಂದ್ರೆ ಅವರಿಗೆ ಬೇಡವೇ ಬೇಡ.” ಈ ಮಾತು ಬಂದಾಗ ಎಲ್ಲರೂ ಹೌದು ಹೌದು ಅಂತ ತಲೆ ಆಡಿಸ್ತಾರೆ. ನಾವೂ ಬಹಳ ಕಾಲ ತಲೆ ಆಡಿಸಿದವರೇ.

ಆದರೆ ಅದೇ ಮಕ್ಕಳನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿದಾಗ ಬಂದ ಉತ್ತರ ಬೇರೆ. “ಮನಸ್ಸಿಲ್ಲ ಅಂತಲ್ಲ ಸಿಸ್ಟರ್. ಆನ್‌ಲೈನಲ್ಲಿ ಕಂಪ್ಲೇಂಟ್ ಹಾಕಿ ನೋಡಿದ್ವಿ. ಏನೂ ಆಗಲಿಲ್ಲ. ಮೇಲಿಂದ ಮನೇಲಿ ಬೈಸಿಕೊಂಡ್ವಿ.”

ತಾಯಂದಿರು ಹೇಳುವುದು ಒಂದು, ಮಕ್ಕಳು ಹೇಳುವುದು ಇನ್ನೊಂದು. ಯಾವುದು ನಿಜ? ಈ ತಿಂಗಳು ಅದನ್ನೇ ಯೋಚನೆ ಮಾಡೋಣ.

ಪಾಠದ ಉದ್ದೇಶ

1. ಫೋನು, ಕಂಪ್ಯೂಟರ್ ಮೂಲಕ ಊರಿನ ಮತ್ತು ಸರ್ಕಾರದ ಕೆಲಸದಲ್ಲಿ ಪಾಲ್ಗೊಳ್ಳುವುದು ಅಂದರೆ ಏನು ಎಂದು ತಿಳಿಯುವುದು.
2. 18ರಿಂದ 25 ವರ್ಷದ ನಮ್ಮ ಮಕ್ಕಳು ಮುಂದೆ ಬರಲು ಏನು ಬೇಕು, ಹಿಂದೆ ಸರಿಯಲು ಏನು ಕಾರಣ ಎಂದು ತಿಳಿಯುವುದು.
3. ಇದರಲ್ಲಿ ಸಂಘ ಏನು ಮಾಡಬಹುದು ಎಂದು ತೀರ್ಮಾನಿಸುವುದು.

ಒಂದು ಬೀದಿ ದೀಪದ ಕಥೆ

ನಾವು ಕೆಲಸ ಮಾಡುವ ಒಂದು ಹಳ್ಳಿಯಲ್ಲಿ ಸಂಘದ ಪ್ರತಿನಿಧಿಯೊಬ್ಬರ ಮಗಳು ಡಿಗ್ರಿ ಓದುತ್ತಿದ್ದಳು. ಬಸ್ಸು ಇಳಿದು ಮನೆಗೆ ಬರುವ ದಾರಿಯಲ್ಲಿ ನಾಲ್ಕು ಕಂಬ. ನಾಲ್ಕರಲ್ಲೂ ದೀಪ ಇಲ್ಲ. ಮಳೆಗಾಲದಲ್ಲಿ ಸಂಜೆ ಆರೂವರೆಗೇ ಕತ್ತಲು. ಹುಡುಗಿ ಯಾರಿಗೂ ಹೇಳದೆ, ತನ್ನ ಫೋನಿನಲ್ಲೇ ದೂರು ದಾಖಲಿಸಿದಳು. ಫೋಟೋ ಸಹ ಹಾಕಿದಳು. ನೋಂದಣಿ ಸಂಖ್ಯೆ ಬಂದಾಗ ಅವಳಿಗೆ ಎಷ್ಟು ಖುಷಿ ಅಂದರೆ, ಗೆಳತಿಯರಿಗೆಲ್ಲ ತೋರಿಸಿದಳಂತೆ.

ಎರಡು ವಾರ ಕಳೆಯಿತು. ಫೋನಿಗೆ ಮೆಸೇಜು ಬಂತು: ನಿಮ್ಮ ದೂರನ್ನು ಇತ್ಯರ್ಥಪಡಿಸಲಾಗಿದೆ. ಅವತ್ತು ಸಂಜೆ ಬಸ್ಸು ಇಳಿದು ನೋಡಿದರೆ ನಾಲ್ಕೂ ಕಂಬ ಹಾಗೇ ಕತ್ತಲಲ್ಲಿ ನಿಂತಿವೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಅಂಗಡಿ ಹತ್ತಿರ ಒಬ್ಬರು ಅವಳ ತಂದೆಗೆ, “ಏನಣ್ಣ, ನಿನ್ನ ಮಗಳು ನಮ್ಮ ಮೇಲೆ ಮೇಲಕ್ಕೆ ಬರೆದಿದ್ದಾಳಂತೆ?” ಅಂದರು. ತಂದೆ ಮನೆಗೆ ಬಂದು ಕೂಗಾಡಿದರು. “ಓದೋಕೆ ಅಂತ ಫೋನ್ ಕೊಡಿಸಿದ್ದು. ಊರವರ ಜೊತೆ ನಿಷ್ಠುರ ಕಟ್ಟಿಕೊಳ್ಳೋಕಲ್ಲ.” ಹುಡುಗಿ ಆ್ಯಪನ್ನೇ ತೆಗೆದುಹಾಕಿದಳು. “ಇನ್ನು ಯಾವತ್ತೂ ಬರೆಯಲ್ಲಮ್ಮ” ಅಂದಳಂತೆ.

ತಾಯಿ ಸಂಘದ ಸಭೆಯಲ್ಲಿ ಇದನ್ನು ಹೇಳಿದ್ದು ಮಗಳ ತಪ್ಪು ಎಂಬ ಹಾಗೆ. ನಾಚಿಕೆಯಿಂದ ತಲೆ ತಗ್ಗಿಸಿ ಹೇಳಿದರು. ಆಗ ಹಿರಿಯ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆಯನ್ನು ನಾವು ಇವತ್ತಿಗೂ ಮರೆತಿಲ್ಲ. “ಆ ದಾರೀಲಿ ಅವಳೊಬ್ಬಳೇನಾ ಓಡಾಡೋದು? ನಾವು ಹದಿನೈದು ಜನ ಇದ್ದೀವಲ್ಲ, ಆ ಮಗು ಯಾಕೆ ಒಂಟಿಯಾಗಿ ಬರೀಬೇಕಿತ್ತು?”

ಈ ಕಥೆಯ ಉಳಿದ ಭಾಗವನ್ನು ಮುಂದೆ ಹೇಳುತ್ತೇವೆ.

ಆನ್‌ಲೈನ್ ಪಾಲ್ಗೊಳ್ಳುವಿಕೆ ಅಂದರೆ ಏನು?

ವಾಟ್ಸಾಪಿನಲ್ಲಿ ಬಂದದ್ದನ್ನು ಇನ್ನೊಬ್ಬರಿಗೆ ಕಳಿಸುವುದು ಪಾಲ್ಗೊಳ್ಳುವಿಕೆ ಅಲ್ಲ. ಮುಖ್ಯವಾಗಿ ಐದು ಕೆಲಸಗಳನ್ನು ನಮ್ಮ ಮಕ್ಕಳು ಮನೆಯಲ್ಲಿ ಕೂತೇ ಮಾಡಬಹುದು.

ಒಂದು, ಮತದಾರರ ಪಟ್ಟಿಗೆ ಹೆಸರು ಸೇರಿಸುವುದು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಮೊದಲು ಮತ ಹಾಕಲು 21 ವರ್ಷ ಆಗಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18 ಆಯಿತು. ಈಗ 17 ವರ್ಷ ತುಂಬಿದವರೂ ಮುಂಚಿತವಾಗಿ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಈ ನಾಲ್ಕು ದಿನಾಂಕಗಳಲ್ಲಿ ಯಾವುದಕ್ಕೆ 18 ತುಂಬುತ್ತದೋ ಅದಕ್ಕೆ ಸರಿಯಾಗಿ ಹೆಸರು ಸೇರುತ್ತದೆ. ಸಹಾಯವಾಣಿ 1950.

ಎರಡು, ಅರ್ಜಿ ಎಲ್ಲಿದೆ ಎಂದು ನೋಡುವುದು. 2012ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಸಕಾಲ ನಿಮಗೆ ಗೊತ್ತು. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಮೊದಲಾದವಕ್ಕೆ ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಹಾಕಿದರೆ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಫೋನಿನಲ್ಲೇ ತಿಳಿಯುತ್ತದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ.

ಮೂರು, ದೂರು ಕೊಡುವುದು. ರಾಜ್ಯ ಸರ್ಕಾರದ ಇಲಾಖೆಗಳ ಬಗ್ಗೆ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು, 1902ಕ್ಕೆ ಫೋನ್ ಮಾಡಿಯೂ ಹೇಳಬಹುದು. ಕೇಂದ್ರ ಸರ್ಕಾರದ ಕಚೇರಿಗಳ ದೂರಿಗೆ ಬೇರೆ ಜಾಲತಾಣ ಇದೆ. ಅಲ್ಲಿ 21 ದಿನದೊಳಗೆ ಇತ್ಯರ್ಥ ಮಾಡಬೇಕು ಎಂದು 2024ರಲ್ಲಿ ನಿಗದಿ ಮಾಡಿದ್ದಾರೆ. ಉತ್ತರ ಸಮಾಧಾನ ತರದಿದ್ದರೆ ಮೇಲ್ಮನವಿಗೆ ಅವಕಾಶ ಇದೆ.

ನಾಲ್ಕು, ಮಾಹಿತಿ ಕೇಳುವುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಯನ್ನು ಈಗ ಆನ್‌ಲೈನಿನಲ್ಲೂ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಹಾಕದೆಯೇ ಪಡಿತರ, ಪಿಂಚಣಿ ಮೊದಲಾದ ಮಾಹಿತಿಯನ್ನು ರಾಜ್ಯದ ‘ಮಾಹಿತಿ ಕಣಜ’ದಲ್ಲಿ ನೋಡಬಹುದು.

ಐದು, ಅಭಿಪ್ರಾಯ ಹೇಳುವುದು. ಸರ್ಕಾರ ಹೊಸ ನಿಯಮ ಮಾಡುವಾಗ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳುವುದುಂಟು. ಇದು ನಮಗೆ ಹೊಸದು, ಆದ್ದರಿಂದ ಇದನ್ನು ಉದಾಹರಣೆಯೊಂದಿಗೆ ನೋಡೋಣ.

ಮನಸ್ಸು ಮಾಡಿದಾಗ ಯುವಜನ ಏನು ಮಾಡಿದ್ದಾರೆ?

2015ರಲ್ಲಿ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ ಎಂಬ ಪ್ರಾಧಿಕಾರ ಜನರ ಅಭಿಪ್ರಾಯ ಕೇಳಿತು. ಕೆಲವು ಜಾಲತಾಣ ಪುಕ್ಕಟೆ, ಕೆಲವಕ್ಕೆ ಹೆಚ್ಚು ಹಣ ಅಂತ ಭೇದ ಮಾಡಬಹುದೇ ಎನ್ನುವುದು ಅದರಲ್ಲಿ ಒಂದು ಮುಖ್ಯ ಪ್ರಶ್ನೆ. ಪ್ರಶ್ನೆ ಪತ್ರ ನೂರಕ್ಕೂ ಹೆಚ್ಚು ಪುಟ, ಕಠಿಣ ಇಂಗ್ಲಿಷು. ಕೆಲವು ಯುವಜನರು ಅದನ್ನು ಸರಳ ಮಾತಿನಲ್ಲಿ ಬಿಡಿಸಿ ಬರೆದು, ಉತ್ತರ ಕಳಿಸುವ ದಾರಿ ಸುಲಭ ಮಾಡಿದರು. ಕೆಲವೇ ವಾರಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್ ಅಂಥ ಭೇದದ ದರವನ್ನು ನಿಷೇಧಿಸಿತು. ವಿಷಯ ಅರ್ಥ ಆದರೆ, ದಾರಿ ಸುಲಭ ಇದ್ದರೆ, ಯುವಜನ ಬರ್ತಾರೆ.

ಎರಡನೆಯದು ನಮ್ಮ ಬೆಂಗಳೂರಿನದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 2016ರಲ್ಲಿ ಸರ್ಕಾರ ಹೊರಟಿತು. ಅದಕ್ಕಾಗಿ 800ಕ್ಕೂ ಹೆಚ್ಚು ಮರ ಕಡಿಯಬೇಕಿತ್ತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಮಾತು ಮೊದಲು ಹರಡಿದ್ದು ಫೋನುಗಳಲ್ಲಿ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ಸಾಲಾಗಿ ನಿಂತರು. ಕೆಲವು ಸಂಸ್ಥೆಗಳು ಹಸಿರು ನ್ಯಾಯಮಂಡಳಿಗೂ ಹೋದವು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಫೋನು ಜನರನ್ನು ಕರೆಯಿತು. ಕೆಲಸ ಮಾಡಿದ್ದು ಬಂದು ನಿಂತ ಜನ.

ಮೂರನೆಯದು ಹಳ್ಳಿಯದು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಛತ್ರಿ ಹಿಡಿದು ಗುಡ್ಡ ಹತ್ತಬೇಕಾಯಿತು. ಶಿವಮೊಗ್ಗ ಜಿಲ್ಲೆಯ ಕಡೆಯ ಯುವಕರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜಾಲತಾಣಗಳಲ್ಲಿ ಅಭಿಯಾನ ಮಾಡಿದರು. ಮತ ಹಾಕುವುದಿಲ್ಲ ಎನ್ನುವುದು ನಮಗೆ ಸರಿ ಕಾಣುವುದಿಲ್ಲ. ಮತ ಬಿಟ್ಟರೆ ನಮ್ಮ ಕೈಯ ಹಿಡಿತವೇ ಹೋಗುತ್ತದೆ. ಆದರೆ ಹಳ್ಳಿಯ ಯುವಜನಕ್ಕೆ ಊರಿನ ಚಿಂತೆ ಇಲ್ಲ ಎಂಬ ಮಾತು ಸುಳ್ಳು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಾದರೆ ಹಿಂದೆ ಸರಿಯುವುದು ಯಾಕೆ?

ಫೋನು ಎಲ್ಲರ ಕೈಯಲ್ಲೂ ಇಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 33 ಮಂದಿ, ಗಂಡಸರಲ್ಲಿ 57 ಮಂದಿ. ಆಮೇಲೆ ಫೋನು ಹೆಚ್ಚಾಗಿದೆ ನಿಜ. ಆದರೆ ನಮ್ಮ ಮನೆಗಳನ್ನೇ ನೋಡೋಣ. ಮಗನಿಗೆ ಹೊಸ ಫೋನು, ಮಗಳಿಗೆ ಅಣ್ಣನ ಹಳೇ ಫೋನು. ಮಗ ರಾತ್ರಿ ಹನ್ನೊಂದಕ್ಕೆ ನೋಡಿದರೆ ಕೇಳುವವರಿಲ್ಲ, ಮಗಳು ಎಂಟಕ್ಕೆ ನೋಡಿದರೆ “ಯಾರ ಜೊತೆ ಮಾತು?” ಅಂತ ಕೇಳ್ತೀವಿ.

ಭಾಷೆಯ ತೊಡಕು ಇದೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರಕ್ಕೆ ಸಂಬಂಧಿಸಿದ ಒಂದು ದೊಡ್ಡ ಕರಡನ್ನು ಪ್ರಕಟಿಸಿ ಅಭಿಪ್ರಾಯ ಕೇಳಿತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮ ಗದ್ದೆ, ತೋಟ, ಹೊಳೆಗೆ ಸಂಬಂಧಪಟ್ಟ ವಿಷಯ, ನಮಗೇ ಓದಲು ಬಾರದ ಭಾಷೆ! ಎಲ್ಲ ಭಾಷೆಗಳಿಗೂ ಅನುವಾದಿಸಬೇಕು ಎಂದು ಆ ವರ್ಷ ಜೂನಿನಲ್ಲಿ ದೆಹಲಿ ಹೈಕೋರ್ಟ್ ಆದೇಶ ಕೊಡಬೇಕಾಯಿತು.

ಭಯ ಇದೆ. ಈ ಭಯಕ್ಕೆ ಕಾರಣವೂ ಇತ್ತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಇದನ್ನು ನೋಡಿ ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಕೋರ್ಟು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಸಂವಿಧಾನಕ್ಕೆ ವಿರುದ್ಧ ಎಂದು ಅದನ್ನು ರದ್ದು ಮಾಡಿತು. ಒಬ್ಬ ಹುಡುಗಿ ಕೇಳಿದ್ದರಿಂದ ಎಲ್ಲರಿಗೂ ರಕ್ಷಣೆ ಸಿಕ್ಕಿತು. ಹಾಗಂತ ಬಾಯಿಗೆ ಬಂದದ್ದು ಬರೆಯಬಹುದು ಅಂತಲ್ಲ. ಒಬ್ಬರ ಮಾನ ಕಳೆಯುವುದಕ್ಕೆ, ಜಾತಿ ಧರ್ಮಗಳ ನಡುವೆ ದ್ವೇಷ ಹಚ್ಚುವುದಕ್ಕೆ ಬೇರೆ ಕಾನೂನುಗಳಿವೆ. ಆದರೆ “ದೀಪ ಉರಿಯುತ್ತಿಲ್ಲ, ಸರಿ ಮಾಡಿ” ಎಂದು ಬರೆಯುವುದು ಅಪರಾಧ ಅಲ್ಲ. ಅದು ಹಕ್ಕು.

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ಕಾರಣ: ಉತ್ತರ ಬರುವುದಿಲ್ಲ. ನನ್ನ ಮಾತಿಗೆ ಬೆಲೆ ಇದೆ ಎಂಬ ನಂಬಿಕೆ ಇದ್ದರೆ ಮನುಷ್ಯ ಎರಡನೇ ಸಲ ಮಾತಾಡ್ತಾನೆ. ಆ ನಂಬಿಕೆ ಮುರಿದರೆ ಬಾಯಿ ಮುಚ್ಚಿಕೊಳ್ತಾನೆ. ನಮ್ಮ ಊರುಗಳಲ್ಲಿ ಮಕ್ಕಳ ಗ್ರಾಮಸಭೆಯಲ್ಲಿ ಮೈಕ್ ಹಿಡಿದು ಶೌಚಾಲಯ ಕೇಳಿದ ಮಕ್ಕಳೇ ಇವತ್ತು ಯುವಜನರಾಗಿದ್ದಾರೆ. ಅವರಿಗೆ ಮಾತು ಬರುತ್ತೆ. ಅಂದು ಕೇಳಿದ್ದು ಏನಾಯಿತು ಎಂದು ಎಷ್ಟು ಮಕ್ಕಳಿಗೆ ನಾವು ತಿರುಗಿ ಹೇಳಿದ್ದೇವೆ?

ನಮ್ಮದೂ ಒಂದು ತಪ್ಪು ಇಲ್ಲಿ ಹೇಳಬೇಕು. ಕೆಲವು ವರ್ಷದ ಹಿಂದೆ ನಾವು ಯುವಜನರಿಗೆ ಒಂದು ದಿನದ ತರಬೇತಿ ಮಾಡಿದೆವು. ಎಲ್ಲಿ ಒತ್ತಬೇಕು, ಹೇಗೆ ಫೋಟೋ ಹಾಕಬೇಕು, ಎಲ್ಲ ಕಲಿಸಿದೆವು. ಹಾಲ್ ತುಂಬಾ ಜನ ಇದ್ದರು. ಆರು ತಿಂಗಳ ನಂತರ ವಿಚಾರಿಸಿದರೆ ಬೆರಳೆಣಿಕೆಯಷ್ಟು ಮಂದಿ ಮಾತ್ರ ಮುಂದುವರಿಸಿದ್ದರು. ಗುಂಡಿ ಒತ್ತುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಒತ್ತಿದ ಮೇಲೆ ಕೆಲಸ ಆಗದಿದ್ದರೆ ಏನು ಮಾಡಬೇಕು, ಯಾರು ಜೊತೆಗಿರುತ್ತಾರೆ ಎಂದು ನಾವು ಹೇಳಿರಲೇ ಇಲ್ಲ.

ಸಂಘಕ್ಕೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ

ಸಹೋದರಿಯರೇ, ಸ್ವಲ್ಪ ಹಿಂದೆ ನೋಡಿ. ಮೊದಲ ಸಲ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕೂಡಲೇ ಸಾಲ ಕೊಟ್ಟರಾ? “ಮುಂದಿನ ವಾರ ಬನ್ನಿ” ಅಂದರು. ಮುಂದಿನ ವಾರ ಹೋದಿರಿ. ಮತ್ತೆ ಬನ್ನಿ ಅಂದರು, ಮತ್ತೆ ಹೋದಿರಿ. ಒಬ್ಬರೇ ಹೋಗಲಿಲ್ಲ, ಮೂರು ಜನ ಹೋದಿರಿ. ಬರಿಗೈಲಿ ಹೋಗಲಿಲ್ಲ, ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ ಹಿಡಿದು ಹೋದಿರಿ. ಕೊನೆಗೆ ಮ್ಯಾನೇಜರೇ ಕುರ್ಚಿ ಹಾಕಿಸಿದರು.

ಮತ್ತೆ ಹೋಗುವುದು, ಒಟ್ಟಿಗೆ ಹೋಗುವುದು, ಬರಹದಲ್ಲಿ ಇಟ್ಟುಕೊಳ್ಳುವುದು. ಈ ಮೂರು ವಿದ್ಯೆ ನಮ್ಮ ಹತ್ತಿರ ಇದೆ. ಮಕ್ಕಳ ಹತ್ತಿರ ಫೋನಿದೆ, ಓದಿದೆ, ಧೈರ್ಯ ಇದೆ. ಒಂದು ಸಲ ಒತ್ತಿ, ಆಗದಿದ್ದರೆ ಬಿಟ್ಟುಬಿಡುತ್ತಾರೆ. ನಾವು ಬಿಡುವವರಲ್ಲ, ಆದರೆ ನಮಗೆ ಫೋನಿನ ದಾರಿ ಗೊತ್ತಿಲ್ಲ. ಎರಡನ್ನೂ ಸೇರಿಸಬೇಕು. ಈ ಪಾಠದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ಈಗ ಬೀದಿ ದೀಪದ ಕಥೆಯ ಉಳಿದ ಭಾಗ. ಆ ಸಂಘ ದೀಪದ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಹುಡುಗಿಯನ್ನು ಸಭೆಗೆ ಕರೆದು ಕೂರಿಸಿಕೊಂಡರು. ಅವಳು ದೂರನ್ನು ಮತ್ತೆ ದಾಖಲಿಸಿದಳು. ಈ ಸಲ ಹಾಕಿದ್ದು ಪ್ರತಿನಿಧಿಯ ಹೆಸರು ಮತ್ತು ಫೋನ್ ನಂಬರು, ವಿವರದಲ್ಲಿ ಸಂಘದ ಹೆಸರು. ಜೊತೆಗೆ ನಡಾವಳಿಯ ಪುಟದ ಫೋಟೋ, ಕತ್ತಲಲ್ಲಿ ತೆಗೆದ ಕಂಬಗಳ ಫೋಟೋ, ಹಳೇ ದೂರಿನ ಸಂಖ್ಯೆ. ಅದರ ಪ್ರತಿ ತೆಗೆದು ಪಿಡಿಒಗೆ ಕೈಯಾರೆ ಕೊಟ್ಟು ಸ್ವೀಕೃತಿ ಪಡೆದರು. ಮುಂದಿನ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಸಂಖ್ಯೆ ಓದಿ ಕೇಳಿದರು.

ಎರಡು ದೀಪ ಆ ತಿಂಗಳೇ ಉರಿಯಿತು. ಮೂರನೆಯದಕ್ಕೆ ಐದು ತಿಂಗಳು ಹಿಡಿಯಿತು. ನಾಲ್ಕನೆಯದು ಈ ಪಾಠ ಬರೆಯುವಾಗಲೂ ಉರಿದಿಲ್ಲ, ಅದರ ಬಗ್ಗೆ ಇನ್ನೂ ಕೇಳುತ್ತಿದ್ದಾರೆ. ಅಂಗಡಿ ಹತ್ತಿರ ಮಾತ್ರ ಯಾರೂ ಆ ತಂದೆಯನ್ನು ಏನೂ ಕೇಳಲಿಲ್ಲ. ಹದಿನೈದು ಮನೆಯ ಹೆಂಗಸರು ಸಹಿ ಹಾಕಿದ ಮೇಲೆ ಯಾರನ್ನು ಅಂತ ಕೇಳುವುದು? ಹುಡುಗಿ ತೆಗೆದುಹಾಕಿದ್ದ ಆ್ಯಪನ್ನು ಮತ್ತೆ ಹಾಕಿಕೊಂಡಿದ್ದಾಳೆ.

ಎಚ್ಚರಿಕೆಯ ಮಾತುಗಳು

* ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಮಾಡುವಾಗ ಬರುವ ಒಟಿಪಿಯನ್ನು ನಾವೇ ಹಾಕಬೇಕು. ಫೋನ್ ಮಾಡಿ ಕೇಳುವ ಯಾರಿಗೂ ಹೇಳಬಾರದು. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.
* ದೂರಿನಲ್ಲಿ ಕೆಲಸದ ಬಗ್ಗೆ ಬರೆಯಿರಿ, ವ್ಯಕ್ತಿಯನ್ನು ಬೈಯಬೇಡಿ. ಎಲ್ಲಿ, ಯಾವಾಗಿನಿಂದ, ಎಷ್ಟು ಮನೆಗೆ ತೊಂದರೆ ಎಂದು ಬರೆದರೆ ಸಾಕು.
* ಹೆಣ್ಣುಮಕ್ಕಳ ಮುಖ ಕಾಣುವ ಫೋಟೋ, ಆಧಾರ್ ಕಾರ್ಡಿನ ಫೋಟೋ ಗುಂಪುಗಳಲ್ಲಿ ಹಾಕಬೇಡಿ.
* ಫೋನಿನ ದೂರು ವಾರ್ಡ್ ಸಭೆ, ಗ್ರಾಮಸಭೆಗೆ ಬದಲಿ ಅಲ್ಲ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಈ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಹೋಗಿ ಕೂರುವುದನ್ನು ಬಿಡಬೇಡಿ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದ ಮನೆಗಳಲ್ಲಿ 17ರಿಂದ 25 ವರ್ಷದವರು ಎಷ್ಟು ಮಂದಿ? ಎಲ್ಲ ಅರ್ಹರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ?
2. ಮಗನ ಫೋನಿಗೂ ಮಗಳ ಫೋನಿಗೂ ನಮ್ಮ ಮನೆಯಲ್ಲಿ ಬೇರೆ ನಿಯಮ ಇದೆಯೇ? ಯಾಕೆ?
3. ನಮ್ಮ ಮಕ್ಕಳು ಊರಿನ ವಿಷಯದಲ್ಲಿ ಬಾಯಿ ಬಿಟ್ಟಾಗ ನಾವು ಮೊದಲು ಹೇಳುವ ಮಾತು ಯಾವುದು? “ನಿನಗ್ಯಾಕೆ ಬೇಕು” ಎಂದೇ?
4. ಒಬ್ಬರೇ ದೂರು ಕೊಟ್ಟು ಕೈಬಿಟ್ಟ ವಿಷಯ ನಮ್ಮ ಊರಿನಲ್ಲಿ ಯಾವುದಿದೆ?

ಈ ತಿಂಗಳ ಕೆಲಸ

ಮುಂದಿನ ಸಭೆಗೆ ಪ್ರತಿ ಸಂಘವೂ ಇಬ್ಬರು ಯುವಜನರನ್ನು ಕರೆಯಬೇಕು. ಅವರಲ್ಲಿ ಒಬ್ಬಳಾದರೂ ಹುಡುಗಿ ಇರಲಿ. ಮೊದಲ ಹದಿನೈದು ನಿಮಿಷ ಅವರೇ ಮಾತಾಡಲಿ, ನಾವು ಕೇಳೋಣ. ಬುದ್ಧಿ ಹೇಳುವುದು ಬೇಡ. ಆಮೇಲೆ ಊರಿನ ಒಂದೇ ಒಂದು ಸಣ್ಣ ವಿಷಯ ಆರಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಸಂಘದ ಪರವಾಗಿ ದೂರು ದಾಖಲಿಸಿ, ಬಂದ ಸಂಖ್ಯೆಯನ್ನು ಅದೇ ಪುಟದಲ್ಲಿ ಬರೆದಿಡಿ. ಪ್ರತಿ ಸಭೆಯಲ್ಲೂ ಸಾಲ ಮರುಪಾವತಿಯ ಲೆಕ್ಕ ಓದುವ ಹಾಗೆ ಆ ದೂರಿನ ಸ್ಥಿತಿಯನ್ನೂ ಓದಿ. ಕೆಲಸ ಆಗದೆ ‘ಇತ್ಯರ್ಥ’ ಎಂದು ಬಂದರೆ ಮೇಲ್ಮನವಿ ಹಾಕಿ, ಮತ್ತೆ ಬರೆಯಿರಿ.

ಕಂತು ಬಾಕಿ ಇದ್ದರೆ ನಾವು ಬಿಡುತ್ತೇವಾ? ಬಿಡಲ್ಲ. ಹಾಗೆಯೇ ನಮಗೆ ಬರಬೇಕಾದ ಉತ್ತರವೂ ಒಂದು ಬಾಕಿಯೇ. ಅದನ್ನು ವಸೂಲಿ ಮಾಡುವುದನ್ನು ನಮ್ಮ ಮಕ್ಕಳು ನಮ್ಮಿಂದಲೇ ಕಲಿಯಲಿ. ನಿಮ್ಮ ಸಂಘ ಆರಿಸಿಕೊಂಡ ವಿಷಯ ಯಾವುದು, ಏನಾಯಿತು ಎಂದು ನಿಮ್ಮ ಅನಿಮೇಟರ್ ಕೈಯಲ್ಲಿ ಬರೆದು ಕಳಿಸಿ. ನಾವೂ ನಿಮಗೆ ಉತ್ತರ ಬರೆಯುತ್ತೇವೆ.